ಜಾತ್ರೆಯ ಹೊತ್ತಿಗೆ ಗೋಡೆಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಬಿಟ್ಟು ಜಾತ್ರೆ, ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವಗಳ ದಿನ ಹತ್ತಿರವಾಗುತ್ತಿದೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬಯಲಿನ ಗೋಡೆಗೆ ಚಿತ್ರ ಬರೆಯುವುದರ ಬಗ್ಗೆ. ಕಾಸರಗೋಡಿನಿಂದ ಬಂದವೇ ಜಾಸ್ತಿ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಾ ಕಡೆಯವರೂ ಕೇಳಿದ್ದಾರೆ. ಒಂದೇ ವಿಷಯದ ಪತ್ರಗಳನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ದೇವಸ್ಥಾನಕ್ಕೆ ಹೋಗುವ ಮಾರ್ಗದ ಬದಿಯ ಪಾಗಾರಕ್ಕೆ (ಆವರಣ ಗೋಡೆಗೆ) ಎರಡು ವರ್ಷದ ಹಿಂದೆ ಯುವಕ ಮಂಡಲದಿಂದ ಚಿತ್ರ ಬರೆಸಿದ್ದೆವು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗಿನ ಎರಡು ಮೂರು ಅಡಿ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಕಳಚಿತು. ಮೇಲಿನದು ಈಗಲೂ ಚೆನ್ನಾಗಿದೆ. ಈ ವರ್ಷ ಅದೇ ಗೋಡೆಗೆ ಇನ್ನೂ ಒಳ್ಳೆಯ ಪೇಂಟು ಹಾಕಿದರೆ ಸರಿಯಾದೀತೇ? (ಬದಿಯಡ್ಕದ ಓದುಗರು)

ಉತ್ತರ: ಆಗುವುದಿಲ್ಲ. ಮೇಲೆ ನಿಂತು ಕೆಳಗೆ ಮಾತ್ರ ಕಳಚಿದೆ ಎಂದರೆ ತಪ್ಪು ಪೇಂಟಿನದಲ್ಲ, ಗೋಡೆಯೊಳಗೆ ಬರುವ ನೀರಿನದು. ಪಾಗಾರ ಕಟ್ಟುವ ಮುರಕಲ್ಲು (ಲ್ಯಾಟರೈಟ್) ತೂತು ತೂತಾದ ಕಲ್ಲು, ನೆಲದ ಪಸೆಯನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ನಮ್ಮ ಕಡೆ ಗುಡ್ಡ ಕಡಿದು ಮಟ್ಟ ಮಾಡಿದ ಜಾಗಗಳೇ ಹೆಚ್ಚು. ಹಾಗಾಗಿ ಪಾಗಾರದ ಹಿಂಬದಿಯಲ್ಲಿ ಮಣ್ಣು ತುಂಬಿರುವುದೂ ಸಾಮಾನ್ಯ. ಮಳೆಗಾಲವಿಡೀ ಆ ಮಣ್ಣಿನ ನೀರು ಮಾರ್ಗದ ಬದಿಗೆ ಒಸರುತ್ತದೆ. ಬರುವಾಗ ಸಿಮೆಂಟಿನ ಉಪ್ಪನ್ನೂ ತರುತ್ತದೆ. ನೀರು ಆರಿದಾಗ ಉಪ್ಪು ಹರಳುಗಟ್ಟಿ ಪೇಂಟಿನ ಪದರವನ್ನು ಹಿಂದಿನಿಂದ ಎಬ್ಬಿಸುತ್ತದೆ. ದುಬಾರಿ ಪೇಂಟು ಅಥವಾ ಎನಾಮೆಲ್ ಹಾಕಿದರೆ ಪದರ ಇನ್ನಷ್ಟು ಬಿಗಿಯಾಗಿ, ಗುಳ್ಳೆ ದೊಡ್ಡದಾಗುತ್ತದೆ, ಅಷ್ಟೆ.

ಮೊದಲು ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕು ಅಂಚನ್ನೂ ಟೇಪಿನಿಂದ ಮುಚ್ಚಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ, ಅಥವಾ ಆ ಭಾಗದ ಗೋಡೆ ಕಪ್ಪಾಗಿದ್ದರೆ, ಬಣ್ಣಕ್ಕೆ ಗೋಡೆ ತಯಾರಿಲ್ಲ. ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಕಡೆ ನೋಡಿ.

ಸರಿಪಡಿಸುವ ಕೆಲಸ ಹಿಂಬದಿಯಿಂದ ಆಗಬೇಕು. ಪಾಗಾರಕ್ಕೆ ಒರಗಿರುವ ಮಣ್ಣನ್ನು ಆದಷ್ಟು ತಗ್ಗಿಸಿ. ಬುಡದಿಂದ ಅರ್ಧ ಅಡಿ ಎತ್ತರದಲ್ಲಿ ಐದಾರು ಅಡಿಗೆ ಒಂದರಂತೆ ಎರಡು ಇಂಚಿನ ಪಿವಿಸಿ ಪೈಪು ಕೊಟ್ಟು ನೀರು ಹೊರಗೆ ಬಿಡಿ. ಪೈಪಿನ ಹಿಂಬಾಯಿಗೆ ಜಲ್ಲಿ ತುಂಬಿದರೆ ಮಣ್ಣು ಕಟ್ಟುವುದಿಲ್ಲ. ಗೋಡೆಯ ತಲೆಗೆ ಎರಡೂ ಬದಿ ಎರಡು ಇಂಚು ಚಾಚುವಂತೆ ಇಳಿಜಾರಿನ ಸಿಮೆಂಟು ಹೊದಿಕೆ ಇರಲಿ. ಅದು ಇಲ್ಲದ ಪಾಗಾರ ಮೇಲಿನಿಂದಲೂ ನೀರು ಕುಡಿಯುತ್ತದೆ. ಕೆಳಗಿನ ಮೂರು ಅಡಿ ಸಡಿಲವಾದ ಸಾರಣೆ (ಪ್ಲಾಸ್ಟರು) ಕೆತ್ತಿ ತೆಗೆದು ಹೊಸದು ಹಾಕಿ, 28 ದಿನ ಬಿಡಿ. ಬಿಳಿ ಉಪ್ಪು ಕಂಡರೆ ಒಣ ಬ್ರಶ್ಶಿನಿಂದಲೇ ಉಜ್ಜಿ ತೆಗೆಯಿರಿ. ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಇಷ್ಟು ಮಾಡಿದರೂ ಬುಡದ ಪಸೆ ಪೂರ್ತಿ ನಿಲ್ಲುವುದಿಲ್ಲ. ಆದ್ದರಿಂದ ಚಿತ್ರವನ್ನು ಬುಡದಿಂದ ಎರಡು ಅಡಿ ಮೇಲೆ ಆರಂಭಿಸಿ ಎಂಬುದು ನಮ್ಮ ಗಟ್ಟಿ ಸಲಹೆ. ಕೆಳಗಿನ ಪಟ್ಟಿಗೆ ಕಾವಿ ಬಣ್ಣದ ಸಿಮೆಂಟ್ ಪೇಂಟು ಸಾಕು. ಅದು ಉಸಿರಾಡುವ ಪದರ, ಪ್ರತಿ ವರ್ಷ ಜಾತ್ರೆಗೆ ಮೊದಲು ಒಂದು ಗಂಟೆಯಲ್ಲಿ ಮತ್ತೆ ಬಳಿಯಬಹುದು. ಬಸ್ಸು ಎಬ್ಬಿಸುವ ಕೆಸರು, ಎಲೆಯಡಿಕೆಯ ಉಗುಳು ಎಲ್ಲವೂ ಬೀಳುವುದು ಆ ಎರಡು ಅಡಿಯ ಮೇಲೆಯೇ.

ಪ್ರಶ್ನೆ: ಗೋಡೆಯ ಹಾವಸೆ (ಪಾಚಿ) ತೆಗೆಯಲು ಏನು ಹಾಕಬೇಕು? ಉಜ್ಜಿದರೆ ಹೋಗುತ್ತದೆ, ತಿಂಗಳಲ್ಲಿ ಮತ್ತೆ ಬರುತ್ತದೆ. (ಮುಳ್ಳೇರಿಯ)

ಉತ್ತರ: ಉಜ್ಜುವುದರಿಂದ ಮೇಲಿನದು ಹೋಗುತ್ತದೆ, ಬೇರು ಉಳಿಯುತ್ತದೆ. 10 ಲೀಟರು ನೀರಿಗೆ 1 ಕೆ.ಜಿ. ಬ್ಲೀಚಿಂಗ್ ಪೌಡರ್ ಕದಡಿ, ತಳ ಕಟ್ಟಿದ ಮೇಲೆ ತಿಳಿಯನ್ನು ಮಾತ್ರ ಗೋಡೆಗೆ ಹಚ್ಚಿ. ಅರ್ಧ ಗಂಟೆ ಬಿಟ್ಟು ಗಟ್ಟಿ ಬ್ರಶ್ಶಿನಿಂದ ಉಜ್ಜಿ, ವಾಸನೆ ಹೋಗುವವರೆಗೆ ತೊಳೆಯಿರಿ. ಎರಡು ಮೂರು ದಿನ ಬಿಸಿಲಿಗೆ ಒಣಗಿದ ಮೇಲೆಯೇ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳದ ಪದರ). ಕೈಗವಸು, ಕನ್ನಡಕ ಬೇಕು. ಟಾಯ್ಲೆಟ್ ತೊಳೆಯುವ ಆಸಿಡನ್ನು ಇದರೊಂದಿಗೆ ಎಂದೂ ಸೇರಿಸಬೇಡಿ. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯ.

ಪ್ರಶ್ನೆ: ಶಾಲೆಯ ರಂಗಮಂದಿರಕ್ಕೆ ಸಾರಣೆ ಮಾಡಿ ಎಂಟು ದಿನ ಆಯಿತು. ವಾರ್ಷಿಕೋತ್ಸವಕ್ಕೆ ಹನ್ನೆರಡು ದಿನ ಉಳಿದಿದೆ. ಚಿತ್ರ ಬರೆಸಬಹುದೇ? (ಪೆರ್ಲ)

ಉತ್ತರ: ಬೇಡ. ಹಸಿ ಸಿಮೆಂಟಿನ ಕ್ಷಾರ ಬಹಳ ತೀಕ್ಷ್ಣ, ಪಿಎಚ್ 12ಕ್ಕಿಂತ ಮೇಲಿರುತ್ತದೆ. ಅದು ಪೇಂಟಿನ ಅಂಟನ್ನು ಕೆಡಿಸುತ್ತದೆ, ಕೆಲವು ನೀಲಿ, ಹಳದಿಗಳನ್ನು ಸುಟ್ಟ ಹಾಗೆ ಪೇಲವ ಮಾಡುತ್ತದೆ. ಈ ಸಲ ಪ್ಲೈವುಡ್ ಹಲಗೆಯ ಮೇಲೆ ಬರೆಸಿ, ಆ ಗೋಡೆಯ ಮುಂದೆ ನಿಲ್ಲಿಸಿ. ಗೋಡೆಗೆ ಬರುವ ವರ್ಷ ಆಗಲಿ.

ಪ್ರಶ್ನೆ: ಉತ್ಸವದ ಮೂರು ದಿನವೂ ಜನರ ಎದುರಿನಲ್ಲೇ ಚಿತ್ರ ಬರೆಯಬೇಕೆಂದು ಸಮಿತಿಯವರು ಹೇಳಿದ್ದಾರೆ. ಗೋಡೆ 10 ಅಡಿ ಎತ್ತರ, 20 ಅಡಿ ಉದ್ದ. ನಾವು ನಾಲ್ಕು ಜನ. ಪೇಂಟು ಎಷ್ಟು ಬೇಕು, ಕೆಲಸ ಹೇಗೆ ಹಂಚಿಕೊಳ್ಳಬೇಕು? (ಕುಂಬಳೆಯ ಚಿತ್ರಕಲಾ ವಿದ್ಯಾರ್ಥಿಗಳು)

ಉತ್ತರ: ಮೂರು ದಿನದ ಚಿತ್ರಕ್ಕೆ ಕೆಲಸ ಹತ್ತು ದಿನ ಮೊದಲೇ ಶುರುವಾಗಬೇಕು. ಜನರು ನೋಡುವುದು ಮೂರು ದಿನದ್ದನ್ನು. ಆದರೆ ಚಿತ್ರ ಎಷ್ಟು ವರ್ಷ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಅದಕ್ಕೆ ಮೊದಲಿನ ಆ ಹತ್ತು ದಿನ.

ಹತ್ತು ದಿನ ಮೊದಲು ಗೋಡೆ ತೊಳೆಯಿರಿ. ಒಣಗಿದ ಮೇಲೆ ಅಂಗೈಯಿಂದ ಜೋರಾಗಿ ಒರೆಸಿ ನೋಡಿ. ಕೈಗೆ ಬಿಳಿ ಹುಡಿ ಹತ್ತಿದರೆ ಹಳೆಯ ಸುಣ್ಣವೋ ಡಿಸ್ಟೆಂಪರೋ ಇದೆ, ಕೆರೆದು ತೆಗೆಯಲೇಬೇಕು. ಸುಣ್ಣದ ಮೇಲೆ ಹಾಕಿದ ಪೇಂಟು ಹಿಡಿದಿರುವುದು ಸುಣ್ಣವನ್ನೇ ಹೊರತು ಗೋಡೆಯನ್ನಲ್ಲ. ಬಿರುಕುಗಳನ್ನು ಹೊರಗಡೆಗೆಂದೇ ಇರುವ ವೈಟ್ ಸಿಮೆಂಟ್ ಪುಟ್ಟಿಯಿಂದ ತುಂಬಿ. ಮನೆಯೊಳಗೆ ಬಳಸುವ ಅಕ್ರಿಲಿಕ್ ಪುಟ್ಟಿ ಮಳೆಗೆ ಮೆತ್ತಗಾಗುತ್ತದೆ. ಎರಡು ದಿನ ಮೊದಲು ಎಕ್ಸ್‌ಟೀರಿಯರ್ ಪ್ರೈಮರ್ ಒಂದು ಕೋಟು, ಹಿಂದಿನ ದಿನ ಹಿನ್ನೆಲೆಯ ಬಣ್ಣ.

200 ಚದರ ಅಡಿಗೆ ಪ್ರೈಮರ್ 2 ಲೀಟರು ಸಾಕು, ಒರಟು ಗೋಡೆಯಾದರೆ 3. ಹಿನ್ನೆಲೆಗೆ ಎಕ್ಸ್‌ಟೀರಿಯರ್ ಅಕ್ರಿಲಿಕ್ ಎಮಲ್ಶನ್ (ನೀರಿನಲ್ಲಿ ಕಲಸುವ ಹೊರಗೋಡೆಯ ಪೇಂಟು) ಎರಡು ಸಲ ಬಳಿಯಲು 4 ಲೀಟರು. ನುಣುಪು ಗೋಡೆಯಲ್ಲಿ ಲೀಟರಿಗೆ ಎರಡು ಕೋಟು ಸೇರಿ ಸುಮಾರು 50 ಚದರ ಅಡಿ ಬರುತ್ತದೆ. ಚಿತ್ರಕ್ಕೆ ಬಿಳಿ 2 ಲೀಟರು, ಕಪ್ಪು, ಕಾವಿ, ಹಳದಿ, ಕೆಂಪು, ನೀಲಿ, ಹಸಿರು ಒಂದೊಂದು ಲೀಟರು ತೆಗೆದುಕೊಳ್ಳಿ. ಗಾಢ ಕೆಂಪು, ಗಾಢ ನೀಲಿಯನ್ನು ಅಂಗಡಿಯ ಟಿಂಟಿಂಗ್ ಮೆಷಿನ್ನಿನಲ್ಲೇ, ಗಾಢ ಬಣ್ಣಕ್ಕೆಂದೇ ಇರುವ ಬೇಸ್ ಪೇಂಟಿನಲ್ಲಿ ಕಲಸಿಸಿ. ಬಿಳಿ ಎಮಲ್ಶನ್ನಿಗೆ ಸ್ಟೇನರ್ (ಬಾಟಲಿಯಲ್ಲಿ ಬರುವ ಬಣ್ಣದ ದ್ರವ) ಸುರಿದು ಗಾಢ ಬಣ್ಣ ಮಾಡಲು ಹೋದರೆ ಒಳಗಿನ ಟೈಟಾನಿಯಮ್ ಬಿಳಿ ಅದನ್ನು ಗುಲಾಬಿಗೋ ಆಕಾಶನೀಲಿಗೋ ಎಳೆಯುತ್ತದೆ. ಬಾಟಲಿಯ ಮೇಲೆ ಬರೆದ ಮಿತಿ ದಾಟಿ ಸ್ಟೇನರ್ ಹಾಕಿದರೆ ಪೇಂಟು ಸರಿಯಾಗಿ ಒಣಗದೆ ಮೊದಲ ಮಳೆಗೇ ಇಳಿಯುತ್ತದೆ.

ಯಾವ ಬಣ್ಣ ಎಷ್ಟು ದಿನ ನಿಲ್ಲುತ್ತದೆ ಎಂಬುದು ಬಿಸಿಲಿಗೆ ಬಿಟ್ಟದ್ದು. ಕಬ್ಬಿಣದ ಆಕ್ಸೈಡಿನಿಂದ ಬರುವ ಕಾವಿ, ಮಣ್ಣು ಹಳದಿ, ಕಂದು ಎಲ್ಲಕ್ಕಿಂತ ಗಟ್ಟಿ. ಥ್ಯಾಲೋ ನೀಲಿ, ಥ್ಯಾಲೋ ಹಸಿರು, ಇಂಗಾಲದ ಕಪ್ಪು ಕೂಡ ಒಳ್ಳೆಯವು. ಹೊಳೆಯುವ ಗುಲಾಬಿ, ನೇರಳೆ, ನಿಂಬೆ ಹಳದಿ ಬೇಗ ಮಾಸುತ್ತವೆ. ಫ್ಲೋರೊಸೆಂಟ್ ಬಣ್ಣಗಳು ಬಯಲಿನಲ್ಲಿ ಕೆಲವೇ ತಿಂಗಳು.

ಬೇಕಾದ ಛಾಯೆಗಳನ್ನು ಮೊದಲೇ ಕಲಸಿ, ಲೆಕ್ಕಕ್ಕಿಂತ ಐದನೇ ಒಂದು ಪಾಲು ಹೆಚ್ಚು ಮಾಡಿ, ಡಬ್ಬಿಗೆ ಸಂಖ್ಯೆ ಹಾಕಿಡಿ. ಮುಗಿದ ಛಾಯೆಯನ್ನು ಮತ್ತೆ ಅದೇ ಹಾಗೆ ಕಲಸುವುದು ಆಗದ ಮಾತು. ಎಮಲ್ಶನ್ ಒಣಗಿದಾಗ ತುಸು ಗಾಢವಾಗುವುದರಿಂದ ಹಸಿಯಲ್ಲಿ ಹೋಲಿಸಬೇಡಿ. ಡಬ್ಬಿಯ ಮುಚ್ಚಳಕ್ಕೆ ಒಂದು ಬೊಟ್ಟು ಹಚ್ಚಿ ಒಣಗಿಸಿ ನೋಡಿ. ತೆಳು ಮಾಡಲು ಕುಡಿಯುವ ನೀರನ್ನೇ ಬಳಸಿ. ಕಡಲ ಬದಿಯ ಬಾವಿಯ ಉಪ್ಪುನೀರು ಗೋಡೆಗೆ ಉಪ್ಪು ಸೇರಿಸುತ್ತದೆ.

ಮೊದಲ ದಿನ ಗೆರೆ ಮತ್ತು ದೊಡ್ಡ ಬಣ್ಣಗಳು. ಪ್ರೊಜೆಕ್ಟರ್ ಸುಲಭ ಎನಿಸುತ್ತದೆ, ಆದರೆ ಸಾಮಾನ್ಯ ಪ್ರೊಜೆಕ್ಟರಿಗೆ 20 ಅಡಿ ಅಗಲದ ಚಿತ್ರ ಬೀಳಬೇಕಾದರೆ ಸುಮಾರು 30 ಅಡಿ ದೂರ ಬೇಕು, ಕತ್ತಲೆಯೂ ಬೇಕು. ಉತ್ಸವದ ದೀಪಗಳ ನಡುವೆ ಅದು ನಡೆಯುವುದಿಲ್ಲ. ಚೌಕುಳಿ ಹಾಕುವುದೇ ಮೇಲು. ಕಾಗದದ ಮೇಲೆ ಒಂದು ಇಂಚು, ಗೋಡೆಯ ಮೇಲೆ ಒಂದು ಅಡಿ. ನೂಲು ಹೊಡೆಯಲು ಬಡಗಿಗಳ ಕೆಂಪು ಹುಡಿ ಬೇಡ, ಅದು ಪೇಂಟಿನೊಳಗಿಂದ ಇಣುಕುತ್ತದೆ. ಚಾಕ್ ಹುಡಿ ಬಳಸಿ, ಬಣ್ಣ ಹಾಕುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಇನ್ನೊಂದು ದಾರಿಯೂ ಇದೆ: ಗೋಡೆಯ ತುಂಬ ಅಕ್ಷರ, ಸುಳಿ, ಅಡ್ಡಗೆರೆಗಳನ್ನು ಮನಬಂದಂತೆ ಗೀಚಿ, ಫೋಟೊ ತೆಗೆದು, ಮೊಬೈಲಿನಲ್ಲಿ ಅದರ ಮೇಲೆ ನಿಮ್ಮ ಚಿತ್ರವನ್ನು ಅರೆಪಾರದರ್ಶಕವಾಗಿ ಇಡುವುದು. ಮೂಗಿನ ತುದಿ ಯಾವ ಗೀಚಿನ ಹತ್ತಿರ ಬರುತ್ತದೆಂದು ನೋಡಿ ಬರೆಯುತ್ತಾ ಹೋಗಬಹುದು. ದೊಡ್ಡ ಗೋಡೆಗಳಿಗೆ ಇದು ಚೌಕುಳಿಗಿಂತ ವೇಗ.

ಬಣ್ಣ ಮೇಲಿನಿಂದ ಕೆಳಕ್ಕೆ, ಹಿಂದಿನಿಂದ ಮುಂದಕ್ಕೆ ಬರಲಿ. ದೊಡ್ಡ ಭಾಗಗಳಿಗೆ ನಾಲ್ಕು ಇಂಚಿನ ರೋಲರ್, ಅಂಚಿಗೆ ಒಂದು, ಎರಡು ಇಂಚಿನ ಚಪ್ಪಟೆ ಬ್ರಶ್. ಇಬ್ಬರು ಮೇಲೆ, ಒಬ್ಬರು ಕೆಳಗೆ. ನಾಲ್ಕನೆಯವರ ಕೆಲಸ ಬಣ್ಣ ಕೊಡುವುದು, ಬ್ರಶ್ ತೊಳೆಯುವುದು, ದೂರ ಹೋಗಿ ನೋಡಿ ತಪ್ಪು ಹೇಳುವುದು. ಈ ನಾಲ್ಕನೆಯವರನ್ನು ಬಿಟ್ಟರೆ ಉಳಿದ ಮೂವರ ಕೆಲಸ ಅರ್ಧಕ್ಕಿಳಿಯುತ್ತದೆ. ಎರಡನೆಯ ದಿನ ಎರಡನೇ ಕೋಟು ಮತ್ತು ನೆರಳು. ಮೂರನೆಯ ದಿನ ಗೆರೆ, ಅಕ್ಷರ, ತಿದ್ದುಪಡಿ. ಆ ದಿನ ಮಧ್ಯಾಹ್ನದೊಳಗೆ ಮುಗಿಸಿ, ಅತಿಥಿಗಳು ಬಂದಾಗ ಹಸಿ ಬಣ್ಣದ ಪಕ್ಕ ಜನ ನೂಕಾಡುವಂತೆ ಆಗಬಾರದು. ಗೋಡೆಯಿಂದ ಆರು ಅಡಿಗೆ ಹಗ್ಗ ಕಟ್ಟಿ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಮಂಜಿಗೆ ಗೋಡೆ ಒದ್ದೆಯಾಗಿರುತ್ತದೆ. ಬಿಸಿಲು ಏರಿ ಮೈ ಆರಿದ ಮೇಲೆ ಶುರು ಮಾಡಿ, ಸಂಜೆ ಐದಕ್ಕೆ ನಿಲ್ಲಿಸಿ. ರಾತ್ರಿ ದೀಪದಡಿ ಗೆರೆ ಎಳೆಯಬಹುದು, ಬಣ್ಣ ಕಲಸಬಾರದು. ಹಳದಿ ಬೆಳಕಿನಲ್ಲಿ ಹಳದಿಯೂ ಬಿಳಿಯೂ ಒಂದೇ ಥರ ಕಾಣುತ್ತವೆ.

10 ಅಡಿ ಗೋಡೆಗೆ ನಾಲ್ಕು ಐದು ಅಡಿ ಎತ್ತರದ ಅಟ್ಟ ಸಾಕು. ಅಡಿಕೆ ಮರದ ಕಂಬಗಳಲ್ಲಿ ಕಟ್ಟುವುದಾದರೆ ಈ ವರ್ಷ ಕಡಿದದ್ದೇ ಆಗಲಿ. ಮಳೆಯಲ್ಲಿ ಬಿದ್ದಿದ್ದ ಕಂಬ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ತಿರುಳು ಕೊಳೆತಿರುತ್ತದೆ. ಏಣಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಹೊರಗೆ ಇರಲಿ. ಹತ್ತಿರ ವಿದ್ಯುತ್ ತಂತಿ ಇದ್ದರೆ ಅಲ್ಯುಮಿನಿಯಮ್ ಏಣಿ, ರೋಲರಿನ ಉದ್ದ ಕೋಲು ಎರಡೂ ಬೇಡ. 11 ಕೆ.ವಿ. ತಂತಿಯಿಂದ ಮೂರು ಮೀಟರಿನೊಳಗೆ ಮನುಷ್ಯನಾಗಲಿ ಕೋಲಾಗಲಿ ಹೋಗಕೂಡದು. ವಿದ್ಯುತ್ ಇಲಾಖೆಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಕೆಲಸ.

ಪ್ರಶ್ನೆ: ಯಕ್ಷಗಾನದ ಚಿತ್ರ ಬರೆಸಿದೆವು. ಊರಿನ ಹಿರಿಯರು "ಇದು ನಮ್ಮ ತಿಟ್ಟು ಅಲ್ಲ" ಎಂದರು. ಚಿತ್ರಕಾರರು ಹೊರಗಿನವರು. ಏನು ನೋಡಿ ತಿಳಿಯುವುದು? (ನೀರ್ಚಾಲು)

ಉತ್ತರ: ಇಂಟರ್‌ನೆಟ್ಟಿನಲ್ಲಿ ಯಕ್ಷಗಾನ ಎಂದು ಹುಡುಕಿದರೆ ತೆಂಕು, ಬಡಗು ಎಂಬ ಎರಡು ತಿಟ್ಟುಗಳೂ (ಶೈಲಿಗಳೂ) ಒಟ್ಟಿಗೇ ಬರುತ್ತವೆ. ನಿಮ್ಮ ಊರಿನದು ತೆಂಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಗೋಡೆಯಲ್ಲಿ ಬಡಗಿನ ಕೇದಗೆ ಮುಂದಲೆ (ಒಂದು ಬಗೆಯ ಶಿರೋಭೂಷಣ) ಕಂಡರೆ ಹಿರಿಯರಿಗೆ ನೋವಾಗುವುದು ಸಹಜ. ಚಿತ್ರಕಾರರಿಗೆ ತೆಂಕಿನ ಮೂರು ಗುರುತು ಹೇಳಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ತಲೆಯ ಹಿಂದೆ ವೃತ್ತಾಕಾರದ ದೊಡ್ಡ ಕೇಸರಿ ತಟ್ಟಿ. ಮುಖದಲ್ಲಿ ಅಕ್ಕಿಹಿಟ್ಟು ಸುಣ್ಣದಿಂದ ಇಟ್ಟ ಚಿಟ್ಟಿಯ ಮುಳ್ಳುಸಾಲು, ಅದನ್ನು ಬರೀ ಬಿಳಿ ಗೆರೆಯಾಗಿ ಎಳೆಯದೆ ಕೆಳಗೆ ಸಣ್ಣ ನೆರಳು ಕೊಟ್ಟರೆ ಉಬ್ಬಿ ಕಾಣುತ್ತದೆ. ಚೆಂಡೆಯವರು ಹೆಗಲಿಗೆ ತೂಗುಹಾಕಿ ನಿಂತು ಬಾರಿಸುತ್ತಾರೆ. ಕೂತು ಬಾರಿಸುವ ಸಣ್ಣ ಚೆಂಡೆ ಬಡಗಿನದು. ಕರಡನ್ನು ಗೋಡೆಗೆ ಏರಿಸುವ ಮೊದಲು ಒಬ್ಬ ವೇಷಧಾರಿಗೆ ತೋರಿಸಿ. ತೆಯ್ಯಂ, ಕೋಲದ ಚಿತ್ರವಾದರೆ ಆ ಕಟ್ಟು ಕಟ್ಟುವ ಮನೆತನದವರನ್ನು ಕೇಳಿಯೇ ಬರೆಯಬೇಕು, ಮತ್ತು ಜನರ ಕಾಲ ಧೂಳು ಸಿಡಿಯುವ ಎತ್ತರದಲ್ಲಿ ಬರೆಯಬಾರದು.

ಪ್ರಶ್ನೆ: ಚಿತ್ರದ ಮೇಲೆ ಕನ್ನಡ, ಮಲಯಾಳ ಎರಡರಲ್ಲೂ ಊರಿನ ಹೆಸರು, ಒಂದು ಸಾಲು ಬರಹ ಬೇಕು. ಹಿಂದೆ ಬರೆಸಿದ್ದರಲ್ಲಿ ಕನ್ನಡದ ಒತ್ತಕ್ಷರಗಳು ಅರ್ಧ ಕಡಿದುಹೋಗಿದ್ದವು. (ಕಾಸರಗೋಡು)

ಉತ್ತರ: ಇದಕ್ಕೆ ಎರಡು ಕಾರಣ. ಒಂದು, ಕಂಪ್ಯೂಟರಿನದು. ‘ನುಡಿ’ಯಂಥ ಹಳೆಯ ಕನ್ನಡ ಫಾಂಟಿನಲ್ಲಿ ಬೆರಳಚ್ಚಾದದ್ದನ್ನು ಯುನಿಕೋಡಿಗೆ ಬದಲಿಸುವಾಗ, ಅಥವಾ ಕನ್ನಡವನ್ನು ಸರಿಯಾಗಿ ಜೋಡಿಸಲು ಬಾರದ ಡಿಸೈನ್ ಸಾಫ್ಟ್‌ವೇರಿನಲ್ಲಿ ಇಟ್ಟಾಗ, ಒತ್ತು ಕೆಳಗೆ ಕೂರುವ ಬದಲು ಅಕ್ಷರದ ತಲೆಯ ಮೇಲೆ ಅರ್ಧಾಕ್ಷರದ ಚಿಹ್ನೆ ನಿಲ್ಲುತ್ತದೆ. ಕನ್ನಡ ಬಾರದ ಚಿತ್ರಕಾರರು ಅದನ್ನೇ ನಿಷ್ಠೆಯಿಂದ ಗೋಡೆಗೆ ಏರಿಸುತ್ತಾರೆ. ಆದ್ದರಿಂದ ಫೈಲು ಕೊಡಬೇಡಿ, ಪಿಡಿಎಫ್ ಅಥವಾ ಚಿತ್ರವಾಗಿ ಮಾಡಿ, ಕಾಗದಕ್ಕೆ ಅಚ್ಚು ತೆಗೆದು ಕೊಡಿ. ಇಬ್ಬರು ಕನ್ನಡಿಗರು ಬೇರೆ ಬೇರೆಯಾಗಿ ಓದಿ ಸಹಿ ಹಾಕಲಿ. ಮಲಯಾಳ ಸಾಲಿಗೂ ಹಾಗೆಯೇ ಇಬ್ಬರು.

ಎರಡನೆಯದು ಜಾಗದ ಲೆಕ್ಕ. ಇಂಗ್ಲಿಷ್ ಅಕ್ಷರದ ಅಳತೆಯಲ್ಲಿ ಸಾಲು ಹಾಕಿದರೆ ಕನ್ನಡದ ಒತ್ತಿಗೆ ಜಾಗ ಉಳಿಯುವುದಿಲ್ಲ. ಮೂಲಾಕ್ಷರ ಎಂಟು ಇಂಚು ಎತ್ತರವಾದರೆ ಕೆಳಗೆ ಒತ್ತಿಗೆ ಐದಾರು ಇಂಚು, ಮೇಲೆ ಗುಡಿಸು, ಏತ್ವಗಳಿಗೆ ಎರಡು ಮೂರು ಇಂಚು ಬಿಡಿ. ಸಾಲಿಂದ ಸಾಲಿಗೆ ಹದಿನಾರು ಇಂಚಿಗಿಂತ ಕಮ್ಮಿಯಾಗಬಾರದು. ಅಕ್ಷರ ಎಷ್ಟು ದೊಡ್ಡದಿರಬೇಕೆಂಬುದಕ್ಕೆ ಬೋರ್ಡು ಬರೆಯುವವರ ಹಳೆಯ ಲೆಕ್ಕ ಒಂದಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು. ಆರುವತ್ತು ಅಡಿಯಿಂದ ಓದಬೇಕಾದರೆ ಆರು ಇಂಚು. ಕನ್ನಡದಲ್ಲಿ ಅದನ್ನು ಎಂಟಕ್ಕೆ ಏರಿಸುವುದು ಒಳ್ಳೆಯದು, ಯಾಕೆಂದರೆ ದುಂಡಗಿನ ಅಕ್ಷರಗಳ ಒಳಗಿನ ಖಾಲಿ ಜಾಗ ಸಣ್ಣದು, ದೂರದಿಂದ ಮುಚ್ಚಿಹೋಗುತ್ತದೆ. ಪ, ಷ, ವ, ಮ ಗೊಂದಲವಾಗುವುದು ಗೆರೆ ವಿಪರೀತ ದಪ್ಪವಾದಾಗ. ಗೆರೆಯ ದಪ್ಪ ಅಕ್ಷರದ ಎತ್ತರದ ಏಳನೇ ಒಂದು ಪಾಲು ಇದ್ದರೆ ಚೆಂದ. ಎರಡು ಲಿಪಿಗಳನ್ನು ಒಂದೇ ಎತ್ತರದ ಪೆಟ್ಟಿಗೆಯಲ್ಲಿ ಕೂರಿಸಬೇಡಿ. ಒತ್ತು ಇಲ್ಲದ ಅಕ್ಷರಗಳ ಎತ್ತರ ಎರಡರಲ್ಲೂ ಸಮ ಮಾಡಿ, ಒತ್ತುಗಳು ಕೆಳಗೆ ಇಳಿಯಲಿ.

ಪ್ರಶ್ನೆ: ಬೇಸಿಗೆಯ ಜಾತ್ರೆಗೆ ಗೋಡೆ ಬರೆಯುತ್ತೇವೆ. ಬಿಸಿಲು 40 ಡಿಗ್ರಿ ದಾಟುತ್ತದೆ. ರೋಲರ್ ಎಳೆದ ಗುರುತು ಪಟ್ಟೆ ಪಟ್ಟೆಯಾಗಿ ಉಳಿಯುತ್ತದೆ, ಕೆಲವೆಡೆ ಪುಡಿಯಾಗಿ ಉದುರುತ್ತದೆ. (ಅಕ್ಕಲಕೋಟೆ)

ಉತ್ತರ: ಕಡಲ ಬದಿಯಲ್ಲಿ ಪೇಂಟು ಒಣಗುವುದೇ ಇಲ್ಲ ಎಂಬ ದೂರು, ನಿಮ್ಮಲ್ಲಿ ಬೇಗ ಒಣಗುತ್ತದೆ ಎಂಬ ದೂರು. ಎಮಲ್ಶನ್ನಿನ ಕಣಗಳು ನೀರು ಆರುವಾಗ ನಿಧಾನವಾಗಿ ಒಂದಕ್ಕೊಂದು ಬೆಸೆದು ಪದರವಾಗಬೇಕು. ಕಾದ ಗೋಡೆ ನೀರನ್ನು ಒಮ್ಮೆಲೇ ಹೀರಿದರೆ ಬೆಸುಗೆ ಆಗುವುದಿಲ್ಲ, ಪುಡಿ ಉಳಿಯುತ್ತದೆ. ಗೋಡೆಗೆ ಅಂಗೈ ಇಟ್ಟು ಹತ್ತು ಎಣಿಸುವವರೆಗೆ ಇಡಲಾಗದಿದ್ದರೆ ಬಣ್ಣ ಹಾಕಬೇಡಿ. ನೆರಳಿನ ಹಿಂದೆ ಹೋಗಿ: ಪಡುವಣ ಗೋಡೆ ಬೆಳಿಗ್ಗೆ, ಮೂಡಣ ಗೋಡೆ ಮಧ್ಯಾಹ್ನದ ನಂತರ. ತೆಂಕಣ ಗೋಡೆಗೆ ಬೆಳಿಗ್ಗೆ ಹತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ. ಹಚ್ಚುವ ಹತ್ತು ನಿಮಿಷ ಮೊದಲು ಗೋಡೆಗೆ ನೀರು ಚಿಮುಕಿಸಿ. ತೇವ ಇರಬೇಕು, ನೀರು ಇಳಿಯಬಾರದು. ಬೇಗ ಒಣಗುತ್ತದೆಂದು ಡಬ್ಬಿಗೆ ಹೆಚ್ಚು ನೀರು ಸುರಿಯುವುದು ದೊಡ್ಡ ತಪ್ಪು, ಪದರ ಇನ್ನೂ ತೆಳುವಾಗಿ ಇನ್ನೂ ಬೇಗ ಪುಡಿಯಾಗುತ್ತದೆ. ಪಟ್ಟೆ ಬೀಳದಿರಲು ಒಬ್ಬರು ಅಂಚು, ಒಬ್ಬರು ರೋಲರ್ ಜೊತೆಜೊತೆಗೆ ನಡೆಸಿ, ಗೆರೆಯ ತನಕ ನಿಲ್ಲದೆ ಮುಗಿಸಿ. ಕರಿಮಣ್ಣಿನ ಮೇಲೆ ನಿಂತ ಗೋಡೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಮುಚ್ಚುತ್ತದೆ. ಆ ಬಿರುಕುಗಳ ಮೇಲೆ ಮುಖ, ಕಣ್ಣು ಬರದಂತೆ ಚಿತ್ರವನ್ನೇ ಸರಿಸಿ ಹೊಂದಿಸುವುದು ಪುಟ್ಟಿಗಿಂತ ಒಳ್ಳೆಯ ಪರಿಹಾರ.

ಪ್ರಶ್ನೆ: ಸ್ಪ್ರೇ ಕ್ಯಾನಿನಿಂದ ಇಡೀ ಗೋಡೆ ಮಾಡಬೇಕೆಂದು ಆಸೆ. ಹಾರ್ಡ್‌ವೇರ್ ಅಂಗಡಿಯ ಕ್ಯಾನ್ ತಂದರೆ ಬರೀ ಇಳಿಯುತ್ತದೆ. (ಹೊಸೂರಿನ ಯುವಕರು)

ಉತ್ತರ: ಅಂಗಡಿಯ ಕ್ಯಾನು ಗಾಡಿ, ಗೇಟುಗಳಿಗೆ ಮಾಡಿದ್ದು. ಒತ್ತಡ ಹೆಚ್ಚು, ಬಣ್ಣ ತೆಳು. ಗೋಡೆಚಿತ್ರದ ಕ್ಯಾನುಗಳಲ್ಲಿ ಒತ್ತಡ ಕಮ್ಮಿ, ಬಣ್ಣ ದಪ್ಪ, ಮೂತಿಯನ್ನು ಬದಲಿಸಬಹುದು: ಸಣ್ಣ ಗೆರೆಗೆ ಕಿರು ಮೂತಿ, ತುಂಬಲು ಅಗಲ ಮೂತಿ. ಆದರೂ 400 ಮಿ.ಲೀ. ಕ್ಯಾನು ಗೋಡೆಯಲ್ಲಿ ಹದಿನೈದು ಇಪ್ಪತ್ತು ಚದರ ಅಡಿ ಮುಚ್ಚಿದರೆ ಹೆಚ್ಚು. 200 ಚದರ ಅಡಿಗೆ ಹತ್ತು ಹನ್ನೆರಡು ಕ್ಯಾನು ಒಂದೇ ಬಣ್ಣಕ್ಕೆ ಹೋಗುತ್ತದೆ. ತುಂಬುವ ಕೆಲಸ ರೋಲರ್ ಮತ್ತು ಎಮಲ್ಶನ್ನಿನಿಂದ ಮಾಡಿ, ಒಂದು ದಿನ ಒಣಗಿಸಿ, ನೆರಳು ಮತ್ತು ಗೆರೆಗೆ ಮಾತ್ರ ಸ್ಪ್ರೇ ಬಳಸಿ.

ಇಳಿಯುವುದು ಕೈ ನಿಂತಾಗ. ಕೈ ಚಲಿಸಲು ಶುರುವಾದ ಮೇಲೆ ಒತ್ತಿ, ನಿಲ್ಲುವ ಮೊದಲು ಬಿಡಿ. ಗೆರೆಗೆ ಗೋಡೆಯಿಂದ ಎರಡು ಮೂರು ಇಂಚು, ಮಂಜಿನಂಥ ನೆರಳಿಗೆ ಒಂದು ಅಡಿ ದೂರ. ಎರಡು ನಿಮಿಷ ಕುಲುಕಿ. ಕೆಲಸ ಮುಗಿದಾಗ ಕ್ಯಾನು ತಲೆಕೆಳಗೆ ಮಾಡಿ ಬರೀ ಗಾಳಿ ಬರುವ ತನಕ ಒತ್ತಿದರೆ ಮೂತಿ ಕಟ್ಟುವುದಿಲ್ಲ. ಧೂಳಿನ ಮಾಸ್ಕ್, ಎನ್95 ಎರಡೂ ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಸಾವಯವ ಆವಿಗೆಂದೇ ಇರುವ ಇದ್ದಿಲಿನ ಕಾರ್ಟ್ರಿಜ್, ಮುಂದೆ ಕಣ ಸೋಸುವ ಫಿಲ್ಟರ್ ಇರುವ ಅರೆಮುಖದ ರೆಸ್ಪಿರೇಟರ್ ಬೇಕು. ವಾಸನೆ ಬಂತೆಂದರೆ ಕಾರ್ಟ್ರಿಜ್ ಮುಗಿದಿದೆ. ಕ್ಯಾನನ್ನು ನಿಲ್ಲಿಸಿದ ಕಾರಿನೊಳಗೆ, ಬಿಸಿಲಿನಲ್ಲಿ ಬಿಡಬೇಡಿ. 50 ಡಿಗ್ರಿ ದಾಟಿದರೆ ಸಿಡಿಯಬಹುದು. ಗಾಳಿ ಬೀಸುವ ಕಡೆ ಬೈಕು, ಕಾರು, ತಿಂಡಿ ಅಂಗಡಿ ಇದ್ದರೆ ಅಂದು ಸ್ಪ್ರೇ ಬೇಡವೇ ಬೇಡ.

ಪ್ರಶ್ನೆ: ಕಡಲ ತೀರದ ಕಾರ್ಯಕ್ರಮಕ್ಕೆ ಗೋಡೆಯಿಲ್ಲ, ಪ್ಲೈವುಡ್ಡಿನ ಮೇಲೆ ಬರೆಯಬೇಕು. ಕಳೆದ ಸಲ ಸಂಜೆಯ ಗಾಳಿಗೆ ಹಲಗೆ ಮಗುಚಿತು. (ಮಂಜೇಶ್ವರ)

ಉತ್ತರ: 8 ಅಡಿ 4 ಅಡಿಯ ಒಂದು ಹಲಗೆಗೆ ಗಂಟೆಗೆ 50 ಕಿ.ಮೀ. ಗಾಳಿ ಎದುರಾಗಿ ಬೀಸಿದರೆ ಸುಮಾರು 40 ಕೆ.ಜಿ.ಯಷ್ಟು ಒತ್ತಡ ಬೀಳುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. ಎದುರಿನ ಒಂದು ಕಾಲು ಸಾಲದು. ಹಿಂದೆ ಹಲಗೆಯ ಎತ್ತರದ ಅರ್ಧದಷ್ಟು ದೂರಕ್ಕೆ ಎರಡು ಓರೆ ಕಾಲು ಕೊಟ್ಟು, ಪ್ರತಿ ಕಾಲಿನ ಮೇಲೆ 25 ಕೆ.ಜಿ.ಯ ಎರಡು ಮರಳು ಚೀಲ ಇಡಿ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಮರಳು ತುಂಬಿದ ಚೀಲವನ್ನೇ ಎರಡು ಅಡಿ ಆಳಕ್ಕೆ ಹೂತು ಅದಕ್ಕೆ ಹಗ್ಗ ಕಟ್ಟಿದರೆ ನಿಲ್ಲುತ್ತದೆ. ಹಲಗೆಗಳನ್ನು ಒಂದಕ್ಕೊಂದು ತಾಗಿಸದೆ ನಡುವೆ ಎರಡು ಇಂಚು ಬಿಡಿ, ಗಾಳಿ ದಾಟಲಿ.

ಹಲಗೆ 12 ಎಂ.ಎಂ., ನೀರು ತಡೆಯುವ ಐಎಸ್ 710 ದರ್ಜೆಯದು. ಅಗ್ಗದ ಎಂ.ಆರ್. ಪ್ಲೈ (ತುಸು ತೇವ ಮಾತ್ರ ತಡೆಯುವ ದರ್ಜೆ) ಮಂಜಿಗೆ ಅಂಚಿನಿಂದ ಬಿಚ್ಚಿಕೊಳ್ಳುತ್ತದೆ. ಪ್ರೈಮರ್ ಎರಡೂ ಮೈಗೆ ಹಾಕಿ, ಒಂದೇ ಬದಿ ಹಾಕಿದರೆ ಇನ್ನೊಂದು ಬದಿ ತೇವ ಕುಡಿದು ಹಲಗೆ ಬಾಗುತ್ತದೆ. ಅಂಚುಗಳಿಗೆ ಎರಡು ಸಲ.

ಪ್ರಶ್ನೆ: ಊರ ಹಬ್ಬಕ್ಕೆ ಶಾಲೆಯ ಗೋಡೆಗೆ ಮಕ್ಕಳ ಕೈಯಲ್ಲೇ ಚಿತ್ರ ಮಾಡಿಸಬೇಕು. ನಲವತ್ತು ಮಕ್ಕಳು. ಹೇಗೆ ಸಂಭಾಳಿಸುವುದು? (ತಾಳವಾಡಿಯ ಶಿಕ್ಷಕರು)

ಉತ್ತರ: ಹಿಂದಿನ ದಿನ ದೊಡ್ಡವರು ಗೆರೆ ಎಳೆದು, ಪ್ರತಿ ಖಾನೆಯೊಳಗೆ ಬಣ್ಣದ ಸಂಖ್ಯೆ ಬರೆದಿಡಿ. ಡಬ್ಬಿಗೂ ಅದೇ ಸಂಖ್ಯೆ. ಆರು ಬಣ್ಣ ಸಾಕು. ಒಮ್ಮೆಗೆ ಎಂಟು ಮಕ್ಕಳು, ಇಪ್ಪತ್ತು ನಿಮಿಷ, ನಡುವೆ ನಾಲ್ಕು ಅಡಿ ಅಂತರ. ಮಗುವಿಗೆ ಅರ್ಧ ಲೋಟ ಬಣ್ಣ ಕೊಡಿ, ಡಬ್ಬಿ ಕೊಡಬೇಡಿ. ಪಕ್ಕಪಕ್ಕದ ಖಾನೆಗಳನ್ನು ಒಂದೇ ಸರದಿಯಲ್ಲಿ ತುಂಬಿಸಿದರೆ ಹಸಿ ಬಣ್ಣ ಕಲೆಸಿಹೋಗುತ್ತದೆ, ಒಂದು ಬಿಟ್ಟು ಒಂದು ಮಾಡಿಸಿ. ಮಕ್ಕಳು ಗೆರೆ ದಾಟಲಿ, ಬೈಯಬೇಡಿ. ಕೊನೆಯಲ್ಲಿ ದೊಡ್ಡವರು ಅರ್ಧ ಇಂಚಿನ ಕಪ್ಪು ಗೆರೆ ಎಳೆದರೆ ಎಲ್ಲವೂ ಸರಿಹೋಗುತ್ತದೆ.

ನೀರಿನ ಎಮಲ್ಶನ್ ಮಾತ್ರ, ಎನಾಮೆಲ್ ಮತ್ತು ಟರ್ಪೆಂಟೈನ್ ಬೇಡ. ಸೀಸದ ಅಂಶ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮೀರಬಾರದೆಂಬ ಕೇಂದ್ರದ ನಿಯಮ 2016ರಲ್ಲಿ ಬಂತು. ಡಬ್ಬಿಯ ಮೇಲೆ ಆ ಮಾತು ಅಚ್ಚಾಗಿದೆಯೇ ನೋಡಿ. ಹಳೆಯ ಕಿಟಕಿ, ಬಾಗಿಲಿನ ಎನಾಮೆಲ್ಲಿನಲ್ಲಿ ಸೀಸ ಇರುವ ಸಾಧ್ಯತೆ ಇದೆ, ಅದನ್ನು ಮಕ್ಕಳಿರುವಾಗ ಒಣದಾಗಿ ಉಜ್ಜಲೇಬಾರದು.

ಪ್ರಶ್ನೆ: ಹಳೆಯ ಕಲ್ಲಿನ ದೇಗುಲದ ಹೊರಗೋಡೆಗೆ ಜಾತ್ರೆಗೆಂದು ಬಣ್ಣದ ಚಿತ್ರ ಬರೆಸಬೇಕೆಂದಿದ್ದೇವೆ. (ಮಡಕಶಿರಾ)

ಉತ್ತರ: ದಯವಿಟ್ಟು ಬೇಡ. ಕಲ್ಲಿಗೆ ಹಿಡಿದ ಪೇಂಟನ್ನು ಕಲ್ಲಿಗೆ ಗಾಯವಾಗದಂತೆ ತೆಗೆಯುವುದು ಬಹಳ ಕಷ್ಟ. ನಿಮ್ಮ ಹತ್ತಿರದ ಲೇಪಾಕ್ಷಿಯಂತೆ, ನಮ್ಮ ಬೇಕಲ ಕೋಟೆಯಂತೆ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವಾದರೆ ಅದನ್ನು ವಿರೂಪಗೊಳಿಸುವುದು ಅಪರಾಧ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾತ್ರೆಯ ಅಂಗಳದಲ್ಲಿ ಹಲಗೆ ನಿಲ್ಲಿಸಿ ಬರೆಸಿ.

ಪ್ರಶ್ನೆ: ಒಂದು ಸಂಸ್ಥೆಗೆ ಗೋಡೆಚಿತ್ರ ಬರೆದುಕೊಟ್ಟೆ. ಅದರ ಫೋಟೊವನ್ನು ಈಗ ಕ್ಯಾಲೆಂಡರಿಗೆ ಹಾಕಿದ್ದಾರೆ, ಚಿತ್ರದ ಅರ್ಧಕ್ಕೆ ಜಾಹೀರಾತು ಬಳಿದಿದ್ದಾರೆ. ಕೇಳುವ ಹಕ್ಕು ನನಗಿದೆಯೇ? (ಕಾಸರಗೋಡು)

ಉತ್ತರ: ಎರಡೂ ಬೇರೆ ಬೇರೆ ಹಕ್ಕುಗಳು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ಬರೆದ ಚಿತ್ರದ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟವರದು. ಹಾಗಾಗಿ ಕ್ಯಾಲೆಂಡರಿನ ವಿಷಯದಲ್ಲಿ ಲಿಖಿತ ಒಪ್ಪಂದವಿಲ್ಲದೆ ನಿಮ್ಮ ಕೈ ಸೋಲುತ್ತದೆ. ಆದರೆ 57ನೇ ಸೆಕ್ಷನ್ ಕೊಡುವ ಹಕ್ಕು ಕೃತಿಸ್ವಾಮ್ಯ ಯಾರಲ್ಲೇ ಇರಲಿ, ಕಲಾವಿದರಲ್ಲೇ ಉಳಿಯುತ್ತದೆ: ಕೃತಿ ತಮ್ಮದೆಂದು ಹೇಳಿಕೊಳ್ಳುವ ಹಕ್ಕು, ತಮ್ಮ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. 2005ರಲ್ಲಿ ದೆಹಲಿ ಹೈಕೋರ್ಟು ಅದರ ಉಳಿಕೆಗಳನ್ನು ಕಲಾವಿದರಿಗೆ ಮರಳಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿದ್ದು ಈ ಸೆಕ್ಷನ್ನಿನ ಮೇಲೆಯೇ. ಅರ್ಧ ಬಳಿದ ಚಿತ್ರದ ದಿನಾಂಕವಿರುವ ಫೋಟೊ, ಮೊದಲಿನ ಫೋಟೊ, ಹಣ ಬಂದ ದಾಖಲೆ ಇಟ್ಟುಕೊಂಡು ವಕೀಲರನ್ನು ಕಾಣಿ.

ಮುಂದಿನ ಕೆಲಸಕ್ಕೆ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಗೋಡೆಯ ಮಾಲೀಕರ ಲಿಖಿತ ಒಪ್ಪಿಗೆ, ಅಳತೆ, ಒಪ್ಪಿದ ಕರಡು, ಎಷ್ಟು ತಿದ್ದುಪಡಿಗೆ ಅವಕಾಶ, ಸಾಮಗ್ರಿ ಮತ್ತು ಅಟ್ಟದ ಖರ್ಚು ಯಾರದು, ಮಳೆ ಬಂದರೆ ಎಷ್ಟು ದಿನ ಮುಂದೂಡಬಹುದು, ಚಿತ್ರ ಎಷ್ಟು ವರ್ಷ ಉಳಿಸುತ್ತಾರೆ, ಅಳಿಸುವ ಮೊದಲು ತಿಳಿಸುತ್ತಾರೆಯೇ, ಕೃತಿಸ್ವಾಮ್ಯ ಯಾರದು. ಗೋಡೆ ಒದ್ದೆಯಿದ್ದದ್ದರಿಂದ ಕಳಚಿದರೆ ಕಲಾವಿದರು ಹೊಣೆಯಲ್ಲ ಎಂಬ ಸಾಲನ್ನು ಮರೆಯಬೇಡಿ. ಸಾಮಗ್ರಿಯ ಹಣ ಮುಂಗಡವಾಗಿಯೇ ಬರಲಿ.

ಪ್ರಶ್ನೆ: ಬಣ್ಣ ಮುಗಿಸಿ ನಾಲ್ಕು ದಿನಕ್ಕೆ ಮಂಜು ಬಿತ್ತು. ಗಾಢ ಬಣ್ಣದ ಮೇಲೆ ಬಸವನಹುಳು ಹರಿದ ಹಾಗೆ ಅಂಟಂಟು ಗೆರೆಗಳು ಇಳಿದಿವೆ. ಪೂರ್ತಿ ಅಳಿಸಿ ಮತ್ತೆ ಬರೆಯಬೇಕೇ? (ಉಪ್ಪಳ)

ಉತ್ತರ: ಬೇಡ. ಎಮಲ್ಶನ್ನಿನಲ್ಲಿ ಬಣ್ಣವನ್ನು ನೀರಿನೊಂದಿಗೆ ಬೆರೆಸಿಡಲು ಸಾಬೂನಿನಂಥ ವಸ್ತುಗಳಿರುತ್ತವೆ. ಪದರ ಪೂರ್ತಿ ಗಟ್ಟಿಯಾಗುವ ಮೊದಲು ಮಂಜು, ತುಂತುರು ಬಿದ್ದರೆ ಅವು ಮೇಲೆ ಬಂದು ಇಳಿಯುತ್ತವೆ. ಗಾಢ ಬಣ್ಣದಲ್ಲಿ ಹೆಚ್ಚು ಕಾಣುತ್ತದೆ. ಎರಡು ವಾರ ಕಳೆದ ಮೇಲೆ ಮೆತ್ತನೆಯ ಬಟ್ಟೆಯಿಂದ ಬರೀ ನೀರಿನಲ್ಲಿ ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಸೋಪು ಬೇಡ. ಉಳಿದದ್ದು ಒಂದೆರಡು ಮಳೆಗೆ ಹೋಗುತ್ತದೆ. ಗೆರೆ ಕಾಣದಿರಲೆಂದು ಆತುರದಿಂದ ಈಗಲೇ ಕ್ಲಿಯರ್ ಕೋಟು (ಬಣ್ಣವಿಲ್ಲದ ರಕ್ಷಣಾ ಪದರ) ಹಾಕಿದರೆ ಆ ಅಂಟು ಒಳಗೇ ಸಿಕ್ಕಿ ಬಿಳಿ ಮಬ್ಬು ಕೂರುತ್ತದೆ. ಕ್ಲಿಯರ್ ಕೋಟು ಬೇಕೇ ಬೇಕೆಂದರೆ ತೊಳೆದು ಒಣಗಿದ ಮೇಲೆ ಮ್ಯಾಟ್, ನೀರಿನದೇ ಹಾಕಿ, ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಜಾತ್ರೆಗಳು ಮುಗಿಯುವ ದಿನಕ್ಕೆ) ಒಂದು ತಿಂಗಳು ಮೊದಲೇ ಮುಗಿಯಲಿ. ಹಿಂಬದಿಯಿಂದ ನೀರು ಬರುವ ಪಾಗಾರಕ್ಕೆ ಮಾತ್ರ ಬೇಡ.

ಬ್ರಶ್ ತೊಳೆದ ನೀರು ಏನು ಮಾಡಬೇಕೆಂದೂ ಕೇಳಿದ್ದೀರಿ. ಬಾವಿ, ನೀರಿನ ಸುರಂಗ, ತೋಡಿನ ಹತ್ತಿರ ಚೆಲ್ಲಬೇಡಿ. ಮುರಕಲ್ಲಿನ ನೆಲ ಅದನ್ನು ಸೋಸದೆ ಒಳಗೆ ಬಿಡುತ್ತದೆ. ಮೊದಲು ಬ್ರಶ್ಶನ್ನು ಹಳೆಯ ಪೇಪರಿಗೆ ಚೆನ್ನಾಗಿ ಒರೆಸಿ, ಆಮೇಲೆ ಒಂದು ಬಕೆಟಿನಲ್ಲಿ ತೊಳೆದು, ಎರಡು ದಿನ ಬಿಟ್ಟು ತಿಳಿಯನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಿ. ತಳದ ಗಸಿಯನ್ನು ಬಿಸಿಲಿಗೆ ಒಣಗಿಸಿ, ಡಬ್ಬಿಯ ಜೊತೆ, ಕೇರಳದಲ್ಲಾದರೆ ಪಂಚಾಯತಿನ ಹಸಿರು ಕರ್ಮ ಸೇನೆಯವರು ಕಸ ಒಯ್ಯಲು ಬಂದಾಗ ಹೇಗೆ ಕೊಡಬೇಕೆಂದು ಕೇಳಿ ಕೊಡಿ.